ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ವಿಜ್ಞಾನಿಗಳನ್ನು ಹುಡುಕಿದ ಮಳೆಗಾಲ

ನಮ್ಮ ಶಾಲೆಯ ಒಂಬತ್ತನೇ ತರಗತಿ ಪ್ರಾಜೆಕ್ಟ್ ಕಳೆದ ವಾರ ಮುಗಿಯಿತು. ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಟೀಚರ್. ಮಕ್ಕಳಿಗೆ ಕೊಟ್ಟ ವಿಷಯ: ಒಬ್ಬ ಪ್ರಸಿದ್ಧ ಜೀವವಿಜ್ಞಾನಿಯ ಬಗ್ಗೆ ಹುಡುಕಿ, ಬರೆದು, ಎಲ್ಲರೆದುರು ನಿಂತು ಹೇಳಬೇಕು. ಜೂನ್‌ನಲ್ಲಿ ಶುರು ಮಾಡಿದ್ದು ಮುಗಿಯುವ ಹೊತ್ತಿಗೆ ದಸರಾ ರಜೆ ಎದುರಿಗೇ ಇತ್ತು. ನಡುವೆ ಮಳೆ ರಜೆ, ಕರೆಂಟ್ ಇಲ್ಲದ ದಿನಗಳು, ಉತ್ತರ ಬಾರದ ಪತ್ರ, ಪ್ರಿಂಟ್ ತೆಗೆಯಲು ಹೋದಾಗ ಕೆಟ್ಟ ಅಕ್ಷರಗಳು, ಎಲ್ಲವೂ ಬಂದವು. ಮುಂದಿನ ವರ್ಷ ಇದೇ ಕೆಲಸಕ್ಕೆ ಕೈ ಹಾಕುವ ಟೀಚರ್‌ಗಳಿಗೆ, ಮನೆಯಲ್ಲಿ ಮಕ್ಕಳಿಗೆ ಸಹಾಯ ಮಾಡುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೊದಲ ವಾರ ಐದು ಗುಂಪು ಮಾಡಿದೆ. ನಾಲ್ಕು ಗುಂಪು ಬೇಗ ಹೆಸರು ಕೊಟ್ಟವು: ಡಾರ್ವಿನ್, ಮೆಂಡೆಲ್, ಸಲೀಂ ಅಲಿ, ಜಾನಕಿ ಅಮ್ಮಾಳ್. ಐದನೇ ಗುಂಪು ಏನೂ ಹೇಳಲಿಲ್ಲ. ಅದರಲ್ಲಿದ್ದ ಒಬ್ಬ ಹುಡುಗಿ ಕೊನೆಗೆ ಎದ್ದು ನಿಂತು, "ಮೇಡಂ, ಕೊಳೆರೋಗ ಕಂಡುಹಿಡಿದ ವಿಜ್ಞಾನಿ ಯಾರಾದ್ರೂ ಇದಾರಾ?" ಅಂದಳು. ಕೊಳೆರೋಗ ಅಂದರೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ರೋಗ. ಹಿಂದಿನ ವರ್ಷ ಅದರಿಂದ ಅವರ ಮನೆಯ ತೋಟದಲ್ಲಿ ಅಡಿಕೆ ಅರ್ಧಕ್ಕಿಂತ ಜಾಸ್ತಿ ಉದುರಿಹೋಗಿತ್ತು. ಅವಳ ಅಣ್ಣನನ್ನು ಆ ವರ್ಷ ಶಿವಮೊಗ್ಗದಲ್ಲಿ ಹಾಸ್ಟೆಲ್‌ಗೆ ಹಾಕಬೇಕು ಅಂತಿದ್ದವರು ಸುಮ್ಮನಾದರು ಅಂತ ನನಗೆ ಗೊತ್ತಿತ್ತು. ಇದಾರೆ, ಹುಡುಕೋಣ ಅಂದೆ. ಲೆಸ್ಲಿ ಕೋಲ್‌ಮನ್ ಅನ್ನುವ ಹೆಸರು ನಾನು ಎಂಎಸ್ಸಿ ಓದುವಾಗ ಕೇಳಿದ್ದೆ. ಹೆಸರು ಬಿಟ್ಟರೆ ಜಾಸ್ತಿ ಏನೂ ಗೊತ್ತಿರಲಿಲ್ಲ.

ಒಂದು ವಾರ ಕಳೆದ ಮೇಲೆ ಮೊದಲ ಬರಹ ತಂದರು. ನಾಲ್ಕು ಗುಂಪಿನದೂ ಒಂದೇ ಥರ ಇತ್ತು. ಹುಟ್ಟಿದ ದಿನ, ತಂದೆ ತಾಯಿ, ಓದಿದ ಊರು, ಸಿಕ್ಕ ಪ್ರಶಸ್ತಿ, ತೀರಿಕೊಂಡ ದಿನ. ಮೂರು ಪುಟದಲ್ಲಿ ಆ ಮನುಷ್ಯ ಯಾವ ಪ್ರಶ್ನೆ ಇಟ್ಟುಕೊಂಡು ಕೆಲಸ ಮಾಡಿದ ಅನ್ನುವುದು ಒಂದು ಸಾಲೂ ಇರಲಿಲ್ಲ. ಮಕ್ಕಳದು ತಪ್ಪಲ್ಲ. ಫೋನಿನಲ್ಲಿ ಹುಡುಕಿದರೆ ಮೊದಲು ಸಿಗುವುದೇ ಅದು. ಸೈಬರ್ ಅಂಗಡಿಗಳಲ್ಲಿ ಹತ್ತು ರೂಪಾಯಿಗೆ ರೆಡಿ ಪ್ರಿಂಟ್ ಕೂಡ ಸಿಗುತ್ತದೆ.

ಆವತ್ತೇ ಎಲ್ಲರಿಗೂ ಒಂದೊಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಮೂರು ಕಾಲಂ ಹಾಕಿಸಿದೆ. ಏನು ಹೇಳಿದ್ದಾರೆ, ಯಾರು ಹೇಳಿದ್ದಾರೆ, ನಾವು ಹೇಗೆ ಪರೀಕ್ಷೆ ಮಾಡಿದೆವು. ಮೂರನೇ ಕಾಲಂ ಖಾಲಿ ಇದ್ದರೆ ಆ ಮಾತು ಚಾರ್ಟ್‌ಗೆ ಹೋಗುವ ಹಾಗಿಲ್ಲ. ಇಡೀ ಪ್ರಾಜೆಕ್ಟ್‌ನಲ್ಲಿ ಬೇರೆ ಯಾವುದಕ್ಕಿಂತ ಈ ಮೂರನೇ ಕಾಲಂನಿಂದ ಜಾಸ್ತಿ ಕೆಲಸ ಆಯಿತು. ಮಕ್ಕಳು ಮೊದಲು ಗೊಣಗಿದರು. ಆಮೇಲೆ ಅದೇ ಅವರಿಗೆ ಹಿಡಿಸಿತು. ಎಷ್ಟೋ ಪ್ರಸಿದ್ಧ ಮಾತುಗಳು ಆ ಕಾಲಂ ಹತ್ತಿರ ಬಂದು ನಿಂತುಬಿಟ್ಟವು.

ಡಾರ್ವಿನ್ ಗುಂಪಿನ ಚಾರ್ಟ್‌ನ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಒಂದು ಹೇಳಿಕೆ ಇತ್ತು. ಉಳಿಯುವುದು ಬಲಶಾಲಿಯೂ ಅಲ್ಲ, ಬುದ್ಧಿವಂತನೂ ಅಲ್ಲ, ಬದಲಾವಣೆಗೆ ಹೊಂದಿಕೊಳ್ಳುವವನು ಅಂತ. ಕೆಳಗೆ ಡಾರ್ವಿನ್ ಹೆಸರು. ಯಾವ ಪುಸ್ತಕದ ಯಾವ ಪುಟ ಅಂತ ಕೇಳಿದೆ. ಡಾರ್ವಿನ್ ಬರೆದ ಪುಸ್ತಕಗಳು, ಸಾವಿರಾರು ಪತ್ರಗಳು ಎಲ್ಲ ಈಗ ಪುಕ್ಕಟೆ ಓದಲು ಸಿಗುತ್ತವೆ. ಆ ಸಾಲು ಅಲ್ಲಿ ಎಲ್ಲೂ ಇಲ್ಲ. ಅದು 1963ರಲ್ಲಿ ಲಿಯಾನ್ ಮೆಗಿನ್ಸನ್ ಅನ್ನುವ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಡಾರ್ವಿನ್ ವಿಚಾರವನ್ನು ತನ್ನ ಮಾತಿನಲ್ಲಿ ಹೇಳಿದ್ದು. 'ಸರ್ವೈವಲ್ ಆಫ್ ದ ಫಿಟೆಸ್ಟ್' ಅನ್ನುವುದನ್ನೂ ಮೊದಲು ಬಳಸಿದ್ದು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್, 1864ರಲ್ಲಿ. ಡಾರ್ವಿನ್ ಅದನ್ನು ತನ್ನ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕಕ್ಕೆ ಸೇರಿಸಿಕೊಂಡಿದ್ದು 1869ರ ಐದನೇ ಆವೃತ್ತಿಯಲ್ಲಿ. ಆ ಗುಂಪಿನ ಹುಡುಗರಿಗೆ ಇದು ಎಷ್ಟು ಸಂತೋಷ ಕೊಟ್ಟಿತು ಅಂದರೆ, ಶಾಲೆಯ ಗೋಡೆ ಮೇಲೆ ಬರೆದಿರುವ ಸುಭಾಷಿತಗಳನ್ನೆಲ್ಲ ಯಾರು ಹೇಳಿದ್ದು ಅಂತ ಹುಡುಕಲು ಹೊರಟರು.

ಮೆಂಡೆಲ್ ಗುಂಪಿಗೆ ಒಂದು ವಿಡಿಯೋ ಸಿಕ್ಕಿತ್ತು. ಮೆಂಡೆಲ್ ತನ್ನ ಲೇಖನವನ್ನು ಡಾರ್ವಿನ್‌ಗೆ ಕಳಿಸಿದ್ದ, ಡಾರ್ವಿನ್ ಅದನ್ನು ಬಿಚ್ಚಿಯೂ ನೋಡಲಿಲ್ಲ ಅಂತ ಕಥೆ. ಕೇಳಲು ಚೆನ್ನಾಗಿದೆ. ಆದರೆ ಡಾರ್ವಿನ್ ಪುಸ್ತಕಗಳ ಸಂಗ್ರಹದಲ್ಲಿ ಆ ಲೇಖನದ ಪ್ರತಿ ಸಿಕ್ಕೇ ಇಲ್ಲ. ಕಥೆ ತೆಗೆದ ಮೇಲೆ ಚಾರ್ಟ್‌ನಲ್ಲಿ ಜಾಗ ಖಾಲಿಯಾಯಿತು. ಅಲ್ಲಿ ಮೆಂಡೆಲ್‌ನ ಲೆಕ್ಕವನ್ನೇ ಹಾಕಿ ಅಂದೆ. 1866ರಲ್ಲಿ ಅಚ್ಚಾದ ಲೇಖನದಲ್ಲಿ ಇರುವ ಸಂಖ್ಯೆ: ಗುಂಡನೆಯ ಬಟಾಣಿ 5,474, ಸುಕ್ಕಾದದ್ದು 1,850. ಭಾಗಿಸಿದರೆ 2.96. ನಮ್ಮ ಪಾಠಪುಸ್ತಕದಲ್ಲಿ 3:1 ಅಂತ ಇರುತ್ತದೆ. ಸರಿಯಾಗಿ ಮೂರು ಯಾಕೆ ಬರಲಿಲ್ಲ ಅಂತ ಒಬ್ಬ ಕೇಳಿದ. ಎರಡು ಚೀಲದಲ್ಲಿ ಒಂದೇ ಅಳತೆಯ ಕಪ್ಪು ಬಿಳಿ ಅಂಗಿ ಗುಂಡಿ ಸಮ ಸಮ ಹಾಕಿ, ಕಣ್ಣು ಮುಚ್ಚಿ ಒಂದೊಂದು ತೆಗೆದು ಜೋಡಿ ಮಾಡಿ, ನೋಡಿ ಮತ್ತೆ ಚೀಲಕ್ಕೇ ಹಾಕಿ ಅಂದೆ. ಜೋಡಿಯಲ್ಲಿ ಒಂದಾದರೂ ಕಪ್ಪು ಇದ್ದರೆ ಗುಂಡನೆಯದು, ಎರಡೂ ಬಿಳಿಯಾದರೆ ಸುಕ್ಕಾದದ್ದು ಅಂತ ಲೆಕ್ಕ. ಸ್ವಲ್ಪ ಸಲ ತೆಗೆದಾಗ ಲೆಕ್ಕ ಎಲ್ಲೆಲ್ಲೋ ಹೋಯಿತು. ತೆಗೆಯುತ್ತಾ ಹೋದ ಹಾಗೆ ಮೂರರ ಹತ್ತಿರ ಬಂತು. ಮಠದ ತೋಟದಲ್ಲಿ ಆ ಮನುಷ್ಯ ಯಾಕೆ ಸಾವಿರ ಸಾವಿರ ಕಾಳು ಎಣಿಸುತ್ತಾ ಕೂತಿದ್ದ ಅನ್ನುವುದು ಅವರಿಗೆ ಆಗ ಅರ್ಥವಾಯಿತು. ಗುಂಡಿಗಳ ಖರ್ಚು ನಲವತ್ತು ರೂಪಾಯಿ.

ಜಾನಕಿ ಅಮ್ಮಾಳ್ ಗುಂಪಿನ ಮೂರು ಹುಡುಗಿಯರ ತೊಂದರೆ ಬೇರೆ ಥರದ್ದು. ಅವರಿಗೆ ಸಿಕ್ಕ ಬರಹಗಳಲ್ಲಿ ಭಾರತದ ಕಬ್ಬನ್ನು ಸಿಹಿ ಮಾಡಿದ್ದೇ ಈಕೆ ಅಂತಿತ್ತು. ಕೊಯಮತ್ತೂರಿನ ಕಬ್ಬಿನ ತಳಿ ಕೇಂದ್ರಕ್ಕೆ ಅವರು ಸೇರಿದ್ದು 1934ರಲ್ಲಿ. ಪ್ರಸಿದ್ಧ ಕೊ 205 ಕಬ್ಬಿನ ತಳಿ ಅದಕ್ಕೆ ಎಷ್ಟೋ ವರ್ಷ ಮೊದಲೇ, ಅಲ್ಲಿನ ವಿಜ್ಞಾನಿಗಳಾದ ಬಾರ್ಬರ್ ಮತ್ತು ವೆಂಕಟರಾಮನ್ ಕಾಲದಲ್ಲೇ ಬಂದಿತ್ತು. ಇದು ಗೊತ್ತಾದಾಗ ಆ ಹುಡುಗಿಯರಿಗೆ ಬೇಜಾರಾಯಿತು. ತಮ್ಮ ವಿಜ್ಞಾನಿ ಸಣ್ಣವಳಾದಳು ಅನ್ನಿಸಿತ್ತು. ನಾನು ಅವರಿಗೆ ಹೇಳಿದ್ದು: ಆಕೆ ನಿಜವಾಗಿ ಮಾಡಿದ್ದೇ ಸಾಕಷ್ಟಿದೆ, ಬೇರೆಯವರದ್ದು ಸೇರಿಸುವ ಅಗತ್ಯ ಇಲ್ಲ. 1897ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಹೆಣ್ಣುಮಗಳು 1931ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದರು. ಕಬ್ಬು ಮತ್ತು ಬೇರೆ ಹುಲ್ಲುಗಳ ಮಿಶ್ರತಳಿ ಮಾಡಿ ಕ್ರೋಮೋಸೋಮ್ ಎಣಿಸಿದರು. 1945ರಲ್ಲಿ ಬ್ರಿಟಿಷ್ ವಿಜ್ಞಾನಿ ಡಾರ್ಲಿಂಗ್‌ಟನ್ ಜೊತೆ ಸೇರಿ ಬೆಳೆ ಸಸ್ಯಗಳ ಕ್ರೋಮೋಸೋಮ್‌ಗಳ ದೊಡ್ಡ ಪಟ್ಟಿಯನ್ನೇ ಪುಸ್ತಕವಾಗಿ ತಂದರು. ಇಂಗ್ಲೆಂಡಿನಲ್ಲಿ ಒಂದು ಮ್ಯಾಗ್ನೋಲಿಯ ಹೂವಿಗೆ ಅವರ ಹೆಸರಿದೆ. ವಯಸ್ಸಾದ ಮೇಲೆ ಕೇರಳದ ಸೈಲೆಂಟ್ ವ್ಯಾಲಿ ಕಾಡು ಉಳಿಸಲು ದನಿ ಎತ್ತಿದರು. ಹುಡುಗಿಯರು ಈರುಳ್ಳಿ ಬೇರಿನ ತುದಿಯ ಸ್ಲೈಡ್ ಮಾಡಿ ತಾವೂ ಕ್ರೋಮೋಸೋಮ್ ನೋಡಲು ಕೂತರು. ಎಣಿಸಲು ಆಗಲಿಲ್ಲ, ಆದರೆ ಎಣಿಸುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಯಿತು.

ಸಲೀಂ ಅಲಿ ಗುಂಪಿನ ಕೆಲಸ ಸಲೀಸಾಗಿ ಸಾಗಿತು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದರು ಅಂತ ಗೊತ್ತಾದ ಮೇಲೆ ಮಕ್ಕಳು ಶಾಲೆಯ ಸುತ್ತ ತಮ್ಮದೇ ಪಟ್ಟಿ ಮಾಡಿದರು.

ಇನ್ನು ಕೋಲ್‌ಮನ್ ಗುಂಪು. ಈ ಬರಹದ ಮುಕ್ಕಾಲು ಪಾಲು ಕಷ್ಟ ಇಲ್ಲೇ ಇದೆ.

ಮೊದಲ ತೊಡಕು, ಹುಡುಕಿದರೆ ಬೇರೆ ಬೇರೆ ಕೋಲ್‌ಮನ್‌ಗಳು ಬರುತ್ತಿದ್ದರು. ಫೋಟೋ ಹುಡುಕಿದರಂತೂ ಯಾರು ಯಾರೋ. ಎರಡನೇ ತೊಡಕು, ಕಾಫಿಗೂ ಕೊಳೆರೋಗ ಇದೆ. ಅದು ಬೇರೆ ಶಿಲೀಂಧ್ರದಿಂದ ಬರುವ ಬೇರೆ ರೋಗ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಮಕ್ಕಳು ಕಾಫಿಯ ಮಾಹಿತಿಯನ್ನು ಅಡಿಕೆಗೆ ಸೇರಿಸಿ ಬರೆದುಕೊಂಡು ಬಂದಿದ್ದರು. ಈ ವಿಷಯ ತೆಗೆದುಕೊಳ್ಳುವವರು ಮೊದಲ ದಿನವೇ ಬೆಳೆಯ ಹೆಸರು ಸೇರಿಸಿ ಹುಡುಕಬೇಕು. ಮೂರನೆಯದು, ಕನ್ನಡದಲ್ಲಿ ನಮಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಸಾಲು ಅಷ್ಟೇ.

ಒಂದು ಸಂಶೋಧನಾ ಕೇಂದ್ರಕ್ಕೆ ಪತ್ರ ಬರೆಯೋಣ ಅಂದುಕೊಂಡೆವು. ಮಕ್ಕಳೇ ಬರೆದರು. ಎಚ್‌ಎಂ (ಮುಖ್ಯಶಿಕ್ಷಕರ) ಸಹಿ, ಶಾಲೆಯ ಸೀಲು, ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಮರುಪತ್ರದ ಕವರು, ಎಲ್ಲ ಇಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಆ ಹುಡುಗಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ತಕ್ಷಣ ಸ್ಟಾಫ್ ರೂಮಿನ ಬಾಗಿಲಿಗೆ ಬಂದು "ಪತ್ರ ಬಂತಾ ಮೇಡಂ?" ಅಂತ ಕೇಳುತ್ತಿದ್ದಳು. ಬರಲೇ ಇಲ್ಲ. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮೇಲ್ ಮಾಡಿ ಅಂದರು. ಮೇಲ್‌ಗೂ ಉತ್ತರ ಇಲ್ಲ. ಹದಿನಾಲ್ಕು ವರ್ಷದ ಮಕ್ಕಳು ಇಂಥ ಕಾಯುವಿಕೆಯಲ್ಲಿ ಬೇಗ ಸೋತುಹೋಗುತ್ತಾರೆ. ಅದನ್ನು ನೋಡುವುದು ನನಗೆ ತುಂಬಾ ಕಷ್ಟ ಆಯಿತು. ಪತ್ರ ಬರೆಯಲೇಬೇಡಿ ಅಂತ ನಾನು ಹೇಳುವುದಿಲ್ಲ, ಬರೆಯುವುದೂ ಒಂದು ಕಲಿಕೆ. ಆದರೆ ಉತ್ತರ ಬರದಿದ್ದರೂ ನಡೆಯುವ ಇನ್ನೊಂದು ದಾರಿ ಅದೇ ವಾರ ಶುರುವಾಗಿರಬೇಕು.

ನಮ್ಮ ಇನ್ನೊಂದು ದಾರಿ ತಾಲೂಕು ಗ್ರಂಥಾಲಯ. ಅದಕ್ಕೆ ಶಾಲೆಯಿಂದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕು. ಮೂರು ಕಾಗದ ಬೇಕಾದವು. ಪಾಲಕರ ಒಪ್ಪಿಗೆ ಪತ್ರ, ಎಚ್‌ಎಂ ಅನುಮತಿ, ಗ್ರಂಥಾಲಯಕ್ಕೆ ಕೊಡಲು ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ವಿನಂತಿ ಪತ್ರ. ಹುಡುಗಿಯರಿದ್ದರೆ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು ಅಂತ ನಮ್ಮ ಎಚ್‌ಎಂ ಹೇಳಿದರು, ಅದು ಸರಿಯೇ. ಒಪ್ಪಿಗೆ ಪತ್ರದಲ್ಲಿ ತಾರೀಖು ಹಾಕಿಸಬೇಡಿ. ನಾವು ಹಾಕಿಸಿದ್ದ ದಿನವೇ ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟರು. ರಜೆ ಮತ್ತೂ ಮುಂದುವರಿಯಿತು. ಪತ್ರಗಳನ್ನೆಲ್ಲ ಮತ್ತೆ ಬರೆಸಬೇಕಾಯಿತು. ಎರಡು ಮನೆಗಳಿಗೆ ಹೋಗುವ ದಾರಿಯಲ್ಲಿ ಹಳ್ಳ ತುಂಬಿದ್ದರಿಂದ ಸಹಿಗೇ ವಾರ ಹಿಡಿಯಿತು.

ಗ್ರಂಥಾಲಯದಲ್ಲಿ ಹಳೆಯ ಗೆಜೆಟಿಯರ್ ಸಿಕ್ಕಿತು. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಬರೆದುಕೊಳ್ಳಬೇಕು. ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿ, ಆದರೆ ಆ ದಿನ ಕರೆಂಟ್ ಇರಲಿಲ್ಲ. ಮಕ್ಕಳು ಕಿಟಕಿ ಹತ್ತಿರ ಕೂತು ಕೈಯಲ್ಲೇ ಬರೆದುಕೊಂಡರು. ಅಲ್ಲಿನ ಗ್ರಂಥಪಾಲಕರು ತುಂಬಾ ಒಳ್ಳೆಯವರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಹಳೆಯ ಬುಲೆಟಿನ್‌ಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಹಾಕಿರಬಹುದು, ಅಲ್ಲಿ ನೋಡಿ ಅಂದರು. ಅದೇ ನಮ್ಮ ಕೈ ಹಿಡಿದ ಮಾತು.

ಕೋಲ್‌ಮನ್ 1910ರಲ್ಲಿ ಅಡಿಕೆ ಕೊಳೆರೋಗದ ಮೇಲೆ ಬರೆದ ಬುಲೆಟಿನ್‌ನ ಬೆನ್ನು ಹತ್ತಿದೆವು. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ದೊಡ್ಡ ಫೈಲ್ ಇಳಿಯುವುದಿಲ್ಲ. ಗುಡ್ಡದ ಮೇಲಿನ ಬಸ್ ಸ್ಟ್ಯಾಂಡ್‌ಗೆ ಹೋಗಿ, ಕೊಡೆ ಹಿಡಿದು ನಿಂತು ಇಳಿಸಿಕೊಂಡೆ. ಹಳೆಯ ಇಂಗ್ಲಿಷ್, ಮಕ್ಕಳು ಕನ್ನಡ ಮಾಧ್ಯಮ. ನಮ್ಮ ಇಂಗ್ಲಿಷ್ ಟೀಚರ್ ಸಂಜೆ ಉಳಿದು ಜೊತೆಗೆ ಓದಿದರು. ಎಲ್ಲವನ್ನೂ ಓದಿಸಲಿಲ್ಲ. ರೋಗ ಹೇಗೆ ಕಾಣುತ್ತದೆ, ಕಾರಣ ಏನು, ಏನು ಮಾಡಿ ನೋಡಿದರು, ಈ ಮೂರಕ್ಕೆ ಉತ್ತರ ಇರುವ ಪುಟಗಳನ್ನಷ್ಟೇ ಓದಿದೆವು. ಹೀಗೆ ಮಾಡದಿದ್ದರೆ ಮಕ್ಕಳು ಎರಡನೇ ಪುಟಕ್ಕೇ ಕೈ ಬಿಡುತ್ತಿದ್ದರು.

ಕೂಡಿಸಿಕೊಂಡ ಚಿತ್ರ ಹೀಗಿದೆ. ಲೆಸ್ಲಿ ಚಾರ್ಲ್ಸ್ ಕೋಲ್‌ಮನ್ 1878ರಲ್ಲಿ ಕೆನಡಾದಲ್ಲಿ ಹುಟ್ಟಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಗಿಡದ ರೋಗ ಮತ್ತು ಕೀಟಗಳ ತಜ್ಞರಾಗಿ ಬಂದರು. ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರ, ಇವೆಲ್ಲ ಅವರ ಕಾಲದವು. ಮಳೆಗಾಲದಲ್ಲಿ ಅಡಿಕೆ ಕೊಳೆಯುವುದಕ್ಕೆ ಫೈಟಾಫ್ತೊರ ಅನ್ನುವ ಸೂಕ್ಷ್ಮಜೀವಿ ಕಾರಣ ಅಂತ ತೋರಿಸಿ, ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ಮಲೆನಾಡಿನ ತೋಟಗಳಲ್ಲಿ ಮಾಡಿ ತೋರಿಸಿದವರು ಅವರು.

ಆ ಹುಡುಗಿ ಇದನ್ನೆಲ್ಲ ಬರೆದುಕೊಂಡು ಸುಮ್ಮನೆ ಕೂತಿದ್ದಳು. ಏನಾಯಿತು ಅಂತ ಕೇಳಿದೆ. "ನೂರು ವರ್ಷದ ಹಿಂದೆನೇ ಗೊತ್ತಿತ್ತು ಅಂದ್ಮೇಲೆ ನಮ್ಮ ತೋಟದಲ್ಲಿ ಯಾಕೆ ಹೋಯ್ತು ಮೇಡಂ?" ಅಂದಳು. ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಅದನ್ನೇ ಪ್ರಾಜೆಕ್ಟ್‌ನ ಪ್ರಶ್ನೆ ಮಾಡಿಕೊಳ್ಳೋಣ ಅಂದೆ.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಮೊದಲು ಅವಳ ಅಜ್ಜನ ಹತ್ತಿರ ಹೋದೆವು. ವಯಸ್ಸು ಎಂಬತ್ತು ದಾಟಿದೆ, ಮಾತು ಗಟ್ಟಿ. "ಬನ್ನಿ ಮೇಡಂ, ಒಳಗೆ ಬನ್ನಿ, ಕಾಲು ಒರೆಸ್ಕೊಳಿ, ಜಾರತ್ತೆ" ಅಂತ ಕರೆದು ಕೂರಿಸಿದರು. ಅವರ ಅಪ್ಪನ ಕಾಲದಲ್ಲಿ ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಹಾಳೆಯ ಕೊಟ್ಟೆ, ಅಂದರೆ ಮಳೆ ತಡೆಯುವ ಹೊದಿಕೆ, ಕಟ್ಟುತ್ತಿದ್ದರಂತೆ. ಒಂದೊಂದು ಮರ ಹತ್ತಿ, ಒಂದೊಂದು ಕೊನೆಗೆ ಕಟ್ಟಬೇಕು. ಔಷಧಿ ಬಂದಾಗ ಜನ ಮೊದಲು ಒಪ್ಪಲಿಲ್ಲ, ಬಾಯಿಗೆ ಹಾಕಿಕೊಳ್ಳುವ ಅಡಿಕೆಗೆ ಮೈಲುತುತ್ತ ಹೊಡೆಯುವುದಾ ಅಂತ ಹೆದರಿದ್ದರು ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಮೊಮ್ಮಗಳ ಪ್ರಶ್ನೆಗೆ ಅವರು ಹೇಳಿದ್ದು ಒಂದೇ ಮಾತು: "ಹೋದ ವರ್ಷ ಔಷಧಿ ಹೊಡೆಯೋಕೆ ಜನ ಸಿಕ್ಕಿದ್ದು ಮಳೆ ಹಿಡಿದ ಮೇಲೆ, ಮಗಾ."

ಹಿರಿಯರನ್ನು ಮಾತಾಡಿಸುವವರಿಗೆ ಎರಡು ಮಾತು. ಮೊದಲು ರೆಕಾರ್ಡ್ ಮಾಡಬಹುದಾ ಅಂತ ಕೇಳಿ. ಫೋನ್ ಚಾರ್ಜ್ ತುಂಬಿಸಿಕೊಂಡು ಹೋಗಿ, ಮಳೆಯಲ್ಲಿ ಹಳ್ಳಿ ಮನೆಗಳಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮಕ್ಕಳು ಪ್ರಶ್ನೆ ಪಟ್ಟಿ ಓದಿದರೆ ಅಜ್ಜಂದಿರು ಹೌದು ಇಲ್ಲ ಅಂತ ಮುಗಿಸಿಬಿಡುತ್ತಾರೆ. ಒಂದು ಕೊಳೆತ ಅಡಿಕೆಯನ್ನು ಕೈಗೆ ಕೊಟ್ಟು ನೋಡಿ, ಒಂದು ಗಂಟೆ ಮಾತಾಡುತ್ತಾರೆ.

ಇನ್ನು ಬೋರ್ಡೋ ದ್ರಾವಣ. ಲ್ಯಾಬ್‌ನಲ್ಲಿ ಸ್ವಲ್ಪವೇ ಮಾಡಿದೆವು. ತೋಟಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಾವು ಒಂದು ಲೀಟರಿಗೆ ಹತ್ತು ಹತ್ತು ಗ್ರಾಂ ತೆಗೆದುಕೊಂಡೆವು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಬೇಕು. ಕಬ್ಬಿಣದ ಪಾತ್ರೆ ಬೇಡ, ತಾಮ್ರ ಅದರ ಮೇಲೆ ಕೂರುತ್ತದೆ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಬೇಕು. ಆಕಾಶದ ಬಣ್ಣ ಬರುತ್ತದೆ. ಆಮೇಲೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಕೆಂಗಂದು ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಅಡಿಕೆ ಸುಡುತ್ತದೆ. ಚಾಕು ಅದ್ದುವುದು ನಮ್ಮ ಊರಿನ ಎಲ್ಲ ತೋಟದವರಿಗೂ ಗೊತ್ತು, ಯಾಕೆ ಅಂತ ಮಕ್ಕಳಿಗೆ ಗೊತ್ತಾಗಿದ್ದು ಆವತ್ತು. ರಸಾಯನ ಪಾಠ ಅದೇ ಅಲ್ವಾ, ಕಬ್ಬಿಣ ತಾಮ್ರವನ್ನು ಹೊರಗೆ ಹಾಕುವುದು. ಮೈಲುತುತ್ತ ವಿಷ. ಗ್ಲೌಸ್ ಹಾಕಿಸಿ, ಮಕ್ಕಳ ಕೈಗೆ ಒಬ್ಬರೇ ಇರುವಾಗ ಕೊಡಬೇಡಿ, ಉಳಿದದ್ದನ್ನು ಬಾವಿ, ಹಳ್ಳದ ಹತ್ತಿರ ಚೆಲ್ಲಬೇಡಿ. ದ್ರಾವಣವನ್ನು ಮಾಡಿದ ದಿನವೇ ಬಳಸಬೇಕು, ಇಟ್ಟರೆ ಕೆಡುತ್ತದೆ.

ಆಗಸ್ಟ್‌ನಲ್ಲಿ ಒಂದು ದಿನ ಆ ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಉದುರಿದ ಅಡಿಕೆ ತಂದಳು. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡು ಹಸಿರು ಕಲೆ. ಈ ವರ್ಷವೂ ಒಂದು ಮೂಲೆಯಲ್ಲಿ ಶುರುವಾಗಿತ್ತು. ಅವಳ ಮುಖ ನೋಡಲಾಗಲಿಲ್ಲ. ಆದರೂ ಸ್ಯಾಂಪಲ್ ತಂದಿದ್ದಳು. ಒದ್ದೆ ಹತ್ತಿ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಎರಡು ದಿನದಲ್ಲಿ ಬಿಳಿ ಬೂಸ್ಟು ಬಂತು. ಸೂಜಿಯಿಂದ ಸ್ವಲ್ಪ ತೆಗೆದು, ನೀರಿನ ಹನಿಯಲ್ಲಿಟ್ಟು, ನಮ್ಮ ಶಾಲೆಯ ಹಳೆಯ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆವು. ನಿಂಬೆಹಣ್ಣಿನ ಆಕಾರದ ಸಣ್ಣ ಚೀಲಗಳು. ಅವುಗಳ ಒಳಗಿಂದ ಈಜುವ ಬೀಜಕಗಳು ಹೊರಡುತ್ತವೆ, ಮಳೆ ನೀರಿನಲ್ಲಿ ಅಡಿಕೆಯಿಂದ ಅಡಿಕೆಗೆ ಹೋಗುತ್ತವೆ. ಈಜುವುದನ್ನೂ ನೋಡಬೇಕು ಅಂತ ಹಟ ಹಿಡಿದರು. ಸ್ಲೈಡನ್ನು ಸ್ವಲ್ಪ ಹೊತ್ತು ತಣ್ಣಗಿಟ್ಟು ಮತ್ತೆ ನೋಡಿದರು. ಏನೋ ಓಡಾಡುವುದು ಕಂಡಿತು. ಅದು ಬೀಜಕವೋ, ನೀರಿನಲ್ಲಿದ್ದ ಬೇರೆ ಜೀವಿಯೋ ಹೇಳಲು ಬರುತ್ತಿರಲಿಲ್ಲ. ಮೂರನೇ ಕಾಲಂನಲ್ಲಿ ಹಾಗೆಯೇ ಬರೆದರು.

ಇಲ್ಲೇ ಅವಳ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ತಾಮ್ರ ಬೀಜಕ ಮೊಳೆಯುವುದನ್ನು ತಡೆಯುತ್ತದೆ. ಒಳಗೆ ಹೋಗಿ ಕೂತ ರೋಗವನ್ನು ವಾಸಿ ಮಾಡುವುದಿಲ್ಲ. ಅದಕ್ಕೇ ಮಳೆಗೆ ಮೊದಲೇ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು. ಅಜ್ಜ ಹೇಳಿದ ಒಂದು ಸಾಲು, ಮೈಕ್ರೋಸ್ಕೋಪ್‌ನಲ್ಲಿ ಕಂಡದ್ದು, ಕೋಲ್‌ಮನ್ ಬರೆದದ್ದು, ಮೂರೂ ಒಂದೇ ಪುಟದಲ್ಲಿ ಬಂದವು. ಮತ್ತೊಂದು ವಿಷಯವನ್ನೂ ಮಕ್ಕಳು ಕಂಡುಕೊಂಡರು. ಕೋಲ್‌ಮನ್ ಕಾಲದಲ್ಲಿ ಇದನ್ನು ಶಿಲೀಂಧ್ರ ಅಂತಲೇ ಕರೆಯುತ್ತಿದ್ದರು. ಈಗ ಫೈಟಾಫ್ತೊರವನ್ನು ನಿಜವಾದ ಶಿಲೀಂಧ್ರಗಳ ಜೊತೆ ಸೇರಿಸುವುದಿಲ್ಲ. ಕಂದು ಪಾಚಿಗಳ ಕಡೆಯ ನೆಂಟ ಅದು. ಈಚಿನ ಲೇಖನಗಳಲ್ಲಿ ಈ ರೋಗಕ್ಕೆ ಕಾರಣ ಫೈಟಾಫ್ತೊರ ಮೀಡಿಐ ಅಂತ ಜಾಸ್ತಿ ಕಾಣುತ್ತದೆ. ಹಾಗಾದರೆ ಕೋಲ್‌ಮನ್ ಹೇಳಿದ್ದು ತಪ್ಪಾ ಅಂತ ತರಗತಿಯಲ್ಲಿ ಜೋರು ಚರ್ಚೆ ನಡೆಯಿತು. ಒಂದು ಪೂರ್ತಿ ಪೀರಿಯಡ್ ಬಿಟ್ಟುಕೊಟ್ಟೆ. ನನ್ನ ಮಟ್ಟಿಗೆ ಇಡೀ ವರ್ಷದ ಒಳ್ಳೆಯ ಪೀರಿಯಡ್ ಅದು.

ಕೊನೆಯ ಕಂಟಕ ಡಿಟಿಪಿ. ವರದಿಯನ್ನು ಪೇಟೆಯ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದೆವು. ಅಲ್ಲಿ ನುಡಿ ಫಾಂಟ್‌ನಲ್ಲಿ ಮಾಡಿದರು. ಪೆನ್‌ಡ್ರೈವ್‌ನಲ್ಲಿ ತಂದು ಶಾಲೆಯ ಕಂಪ್ಯೂಟರ್‌ನಲ್ಲಿ ತೆಗೆದರೆ ಒಂದಕ್ಷರವೂ ಕನ್ನಡ ಇಲ್ಲ, ಬರೀ ಚಿಹ್ನೆಗಳು. ಸಲ್ಲಿಸಲು ಎರಡೇ ದಿನ ಉಳಿದಿತ್ತು. ಮಕ್ಕಳು ಅತ್ತೇಬಿಟ್ಟರು. ಕಡೆಗೆ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಗೆ) ಬದಲಾಯಿಸಿ, ಹೋದ ಒತ್ತಕ್ಷರಗಳನ್ನು ಒಂದೊಂದೇ ತಿದ್ದುತ್ತಾ ರಾತ್ರಿ ಕೂತೆ. ಟೈಪ್ ಮಾಡಲು ಕೊಡುವಾಗಲೇ ಯೂನಿಕೋಡ್‌ನಲ್ಲಿ ಬೇಕು ಅಂತ ಹೇಳಿ, ಪಿಡಿಎಫ್ ಕೂಡ ಮಾಡಿಸಿಕೊಳ್ಳಿ. ವೈಜ್ಞಾನಿಕ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬಿಡಿ ಅಕ್ಷರಗಳಲ್ಲಿ ಬರೆದು ಕೊಡಿ, ಇಲ್ಲದಿದ್ದರೆ ಟೈಪ್ ಮಾಡುವವರು ಏನು ಮಾಡಿಯಾರು.

ಖರ್ಚಿನ ಲೆಕ್ಕ ಕೇಳುವವರಿಗೆ: ಐದೂ ಗುಂಪಿಗೆ ಸೇರಿ ಎರಡು ಸಾವಿರದ ಹತ್ತಿರ ಬಂತು. ಟೈಪಿಂಗ್ ಮತ್ತು ಪ್ರಿಂಟ್‌ಗೇ ಅರ್ಧ ಹೋಯಿತು. ಕಲರ್ ಪ್ರಿಂಟ್ ಪುಟಕ್ಕೆ ಹತ್ತು ರೂಪಾಯಿ, ಅದನ್ನು ಆದಷ್ಟು ಕಡಿಮೆ ಮಾಡಿ. ಉಳಿದದ್ದು ಬಸ್ ಚಾರ್ಜು, ನೋಟ್‌ಬುಕ್, ಡ್ರಾಯಿಂಗ್ ಶೀಟ್, ಮೈಲುತುತ್ತ, ಸುಣ್ಣ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸ್ವಲ್ಪ ಕೊಟ್ಟಿತು, ಸ್ವಲ್ಪ ಶಿಕ್ಷಕರು ಹಾಕಿದೆವು. ಮಕ್ಕಳಿಂದ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಂಡರೆ ಕೆಲವು ಮಕ್ಕಳು ಬರುವುದನ್ನೇ ಬಿಡುತ್ತಾರೆ.

ಪ್ರದರ್ಶನದ ದಿನ ಬೇರೆ ಶಾಲೆಗಳ ಇಬ್ಬರು ಶಿಕ್ಷಕರು ನೋಡಲು ಬಂದಿದ್ದರು. ಕೋಲ್‌ಮನ್ ಚಾರ್ಟ್‌ನಲ್ಲಿ ಫೋಟೋ ಇರಲಿಲ್ಲ. ಇದು ಅವರದೇ ಅಂತ ಖಾತ್ರಿಯಾದ ಒಂದು ಚಿತ್ರವೂ ನಮಗೆ ಸಿಗದ ಕಾರಣ ಮಕ್ಕಳು ಆ ಜಾಗದಲ್ಲಿ ಅಡಿಕೆ ಕೊನೆಯ ಚಿತ್ರ ಬರೆದಿದ್ದರು. ಒಬ್ಬರು ಕೇಳಿದರು, "ಪ್ರಸಿದ್ಧ ವಿಜ್ಞಾನಿ ಅಂತ ವಿಷಯ. ಈ ಹೆಸರು ನಾವು ಕೇಳೇ ಇಲ್ವಲ್ಲ?" ಹುಡುಗಿ ಚಾರ್ಟ್‌ನ ಮೂಲೆ ತೋರಿಸಿದಳು. ಅಲ್ಲಿ ಫೈಟಾಫ್ತೊರ ಅರೇಕೆ ಅನ್ನುವ ಹಳೆಯ ಹೆಸರು, ಪಕ್ಕದಲ್ಲಿ ಕಂಸದೊಳಗೆ ಕೋಲ್‌ಮನ್ ಅಂತ ಇತ್ತು. "ಮೊದಲು ವಿವರಿಸಿದವರ ಹೆಸರು ಹೀಗೆ ಜೊತೆಗೆ ಬರೀತಾರೆ ಸರ್. ನಮ್ಮ ತೋಟದಲ್ಲಿ ಎಲ್ಲರೂ ಇವರು ಹೇಳಿದ್ದನ್ನೇ ಮಾಡ್ತಾರೆ, ಹೆಸರು ಮಾತ್ರ ಗೊತ್ತಿಲ್ಲ" ಅಂದಳು. ಅವರು ನೋಟ್‌ಬುಕ್ ತೆಗೆದುಕೊಂಡು ತುಂಬಾ ಹೊತ್ತು ಮೂರನೇ ಕಾಲಂ ಓದಿದರು. ಈಜುವ ಬೀಜಕದ ಸಾಲಿಗೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿ, ತಮ್ಮ ಶಾಲೆಯ ಮಕ್ಕಳಿಗೂ ತೋರಿಸಬೇಕು, ಒಂದು ಜೆರಾಕ್ಸ್ ಕೊಡಿ ಅಂದರು.

ಈಗ ವರದಿಯ ಪ್ರತಿಗಳು ಶಾಲೆಯ ಲೈಬ್ರರಿಯಲ್ಲಿವೆ. ಕೋಲ್‌ಮನ್ ಗುಂಪಿನದು ಇನ್ನೊಂದು ಪ್ರತಿ ಊರಿನ ಸೊಸೈಟಿಗೆ ಹೋಗಿದೆ, ಅಲ್ಲಿನ ಕಾರ್ಯದರ್ಶಿಯವರೇ ಕೇಳಿ ತೆಗೆದುಕೊಂಡರು. ಮೇ ತಿಂಗಳಲ್ಲಿ, ಮೊದಲ ಔಷಧಿ ಹೊಡೆಯುವ ಮುಂಚೆ, ಅದರ ಎರಡು ಪುಟವನ್ನು ಬೋರ್ಡಿಗೆ ಹಚ್ಚುತ್ತೇವೆ ಅಂದಿದ್ದಾರೆ. ಯಾವ ಎರಡು ಪುಟ ಅಂತ ಮಕ್ಕಳು ಇನ್ನೂ ಜಗಳ ಆಡುತ್ತಿದ್ದಾರೆ.